ರಸ್ತೆ ಬದಿಯ ಬೇಲಿ ಯಾರದು?

ಜಮೀನಿನ ಹಳೆಯ ಕ್ರಯಪತ್ರ ಯಾವುದನ್ನು ತೆಗೆದರೂ ಕೊನೆಯ ಹೊತ್ತಿಗೆ ಚೆಕ್ಕುಬಂದಿಯ ಭಾಗ ಬರುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ತೋಟ, ಉತ್ತರಕ್ಕೆ ಇಂಥವರ ಹೊಲ, ದಕ್ಷಿಣಕ್ಕೆ ರಸ್ತೆ. ಮೂರು ದಿಕ್ಕಿಗೆ ಮನುಷ್ಯರ ಹೆಸರು ಇರುತ್ತದೆ, ನಾಲ್ಕನೆಯದಕ್ಕೆ ಇರುವುದಿಲ್ಲ. ದಕ್ಷಿಣ ಬೆಂಗಳೂರಿನ ಹಳೆಯ ಪತ್ರಗಳನ್ನು ಓದುವಾಗಲೆಲ್ಲ ನನ್ನ ಕಣ್ಣು ಆ ನಾಲ್ಕನೆಯ ದಿಕ್ಕಿನ ಮೇಲೆ ನಿಲ್ಲುತ್ತದೆ. ಹೆಸರಿರುವ ಕಡೆ ಬೇಲಿ ಒಂದು ಗೇಣು ಆಚೆ ಸರಿದರೆ ಮರುದಿನವೇ ಜಗಳ. ರಸ್ತೆಯ ಕಡೆ ಸರಿದರೆ ಜಗಳಕ್ಕೆ ಬರುವವರು ಯಾರು? ಆ ಬೇಲಿಯನ್ನು ಹಾಕಬೇಕಾದವರು, ಕಾಯಬೇಕಾದವರು, ಅದು ಸರಿದಾಗ ಕೇಳಬೇಕಾದವರು ಯಾರು? ಈ ಪ್ರಶ್ನೆಗೆ ನಮ್ಮ ನಾಡು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ.

ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡ ಗೋಪುರದ ಪಕ್ಕ ನಿಂತು ದಕ್ಷಿಣಕ್ಕೆ ನೋಡಿದರೆ ಈಗ ಕಾಣುವುದು ಕಟ್ಟಡಗಳು ಮತ್ತು ಅವುಗಳ ನಡುವಿನ ಮರಗಳು. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲು ಇಡುವವರೆಗೂ ಅದು ಸಿದ್ದಾಪುರ, ಬೈರಸಂದ್ರ, ಯಡಿಯೂರು ಮೊದಲಾದ ಹಳ್ಳಿಗಳ ಹೊಲ, ತೋಟ, ಕೆರೆ. ಅದರಾಚೆಗೆ ಕಂಕಾನಹಳ್ಳಿ ರಸ್ತೆ, ಎಂದರೆ ಇಂದಿನ ಕನಕಪುರ ರಸ್ತೆ, ಹಿಡಿದು ಹೋದರೆ ಸಾರಕ್ಕಿ, ಜರಗನಹಳ್ಳಿ. ಪಶ್ಚಿಮಕ್ಕೆ ಕದಿರೇನಹಳ್ಳಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿ. ಪೂರ್ವಕ್ಕೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಈ ಮೂರು ಊರುಗಳ ಹೆಸರು ಕುಗ್ಗಿ ಕುಗ್ಗಿ ಈಗ ಬಿಟಿಎಂ ಎಂಬ ಮೂರು ಅಕ್ಷರವಾಗಿ ಉಳಿದಿದೆ.

ಈ ಸೀಮೆಯಲ್ಲಿ ರಾಗಿ ಬೆಳೆಯುವ ಹೊಲಕ್ಕೆ ಸುತ್ತಲೂ ಬೇಲಿ ಹಾಕುವ ರೂಢಿ ಇರಲಿಲ್ಲ. ಹೊಲಕ್ಕೂ ಹೊಲಕ್ಕೂ ನಡುವೆ ಬದು ಇದ್ದರೆ ಸಾಕು. ಕೊಯ್ಲು ಮುಗಿದ ಮೇಲೆ ಕೂಳೆ ಮೇಯಲು ಊರಿನ ದನಗಳೆಲ್ಲ ಬರುತ್ತಿದ್ದವು, ಬದು ಅವನ್ನು ತಡೆಯುತ್ತಿರಲಿಲ್ಲ, ತಡೆಯಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ. ಗೊಬ್ಬರ ಹೊಲಕ್ಕೇ ಬೀಳುತ್ತಿತ್ತು. ಬೇಲಿ ಬೇಕಾಗಿದ್ದುದು ವರ್ಷವಿಡೀ ಹಸುರಾಗಿರುವ ತೋಟಕ್ಕೆ, ದನ ಕೂಡುವ ದೊಡ್ಡಿಗೆ, ಮತ್ತು ದಾರಿಯ ಪಕ್ಕದ ಹೊಲಕ್ಕೆ. ದಾರಿಯ ಮೇಲೆ ದಿನಾ ಬೆಳಗ್ಗೆ ಸಂಜೆ ದನ ಹಾದುಹೋಗುತ್ತದೆ. ಕಾಯುವ ಹುಡುಗನ ಕಣ್ಣು ತಪ್ಪಿದರೆ ಅದರ ಬಾಯಿ ನೇರ ಪೈರಿಗೆ. ಆದ್ದರಿಂದ ಹೊಲದ ಬೇಲಿಯ ಕಥೆ ಎಂದರೆ ಬಹುಪಾಲು ದಾರಿ ಬದಿಯ ಬೇಲಿಯ ಕಥೆಯೇ.

ಹಳೆಯ ಧರ್ಮಶಾಸ್ತ್ರಗಳು ಇದನ್ನು ಗಮನಿಸಿದ್ದವು. ಮನುಸ್ಮೃತಿಯ ಎಂಟನೆಯ ಅಧ್ಯಾಯ ಊರ ಸುತ್ತ ಗೋಮಾಳ ಬಿಡಬೇಕೆಂದು ಹೇಳಿ, ಅದಕ್ಕೆ ಅಂಟಿಕೊಂಡ ಹೊಲದವನು ಬೇಲಿ ಹಾಕಿಕೊಳ್ಳದೆ ಇದ್ದಾಗ ದನ ಮೇಯ್ದರೆ ದನಗಾಹಿಗೆ ದಂಡವಿಲ್ಲ ಎನ್ನುತ್ತದೆ. ಬೇಲಿ ಎಂಥದಿರಬೇಕು ಎಂಬುದನ್ನೂ ಅದೇ ಹೇಳುತ್ತದೆ: ಒಂಟೆ ಇಣುಕಲಾಗದಷ್ಟು ಎತ್ತರ, ನಾಯಿ ಹಂದಿ ಮುಖ ತೂರಿಸಲಾಗದಷ್ಟು ಬಿಗಿ. ಯಾಜ್ಞವಲ್ಕ್ಯಸ್ಮೃತಿ ದಾರಿಯ ಹೆಸರನ್ನೇ ಎತ್ತುತ್ತದೆ. ದಾರಿ, ಊರು, ಗೋಮಾಳಗಳ ಅಂಚಿನ ಹೊಲದಲ್ಲಿ ದನ ತಿಳಿಯದೆ ಮೇಯ್ದರೆ ದೋಷವಿಲ್ಲ, ಬೇಕೆಂದೇ ಮೇಯಿಸಿದರೆ ಕಳ್ಳನಿಗೆ ಕೊಡುವ ಶಿಕ್ಷೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಹೆಸರಾಂತ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಹೀಗೆ ಆ ಕಾಲದ ಉತ್ತರ ಸ್ಪಷ್ಟ. ದಾರಿ ಎಲ್ಲರದು, ದಾರಿಯಲ್ಲಿ ದನ ನಡೆಯುವುದು ಸಹಜ, ದಾರಿಯ ಪಕ್ಕ ಬೆಳೆ ಇಟ್ಟವನು ಆ ಅಪಾಯವನ್ನು ತಾನೇ ಹೊರಬೇಕು.

ಇದು ಬರೀ ನಮ್ಮ ಶಾಸ್ತ್ರಕಾರರ ಯೋಚನೆಯಲ್ಲ. 1882ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಟಿಲೆಟ್ ಮತ್ತು ವಾರ್ಡ್ ಎಂಬವರ ಮೊಕದ್ದಮೆ ಬಂತು. ಪೇಟೆಯ ಬೀದಿಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದ ಎತ್ತೊಂದು ಕಬ್ಬಿಣದ ಸಾಮಾನಿನ ಅಂಗಡಿಗೆ ನುಗ್ಗಿ ನಷ್ಟ ಮಾಡಿತ್ತು. ಎತ್ತಿನವನು ಅಜಾಗರೂಕನಾಗಿರಲಿಲ್ಲ. ಬೇರೆ ಕಡೆಯಾಗಿದ್ದರೆ ದನ ನುಗ್ಗಿದ್ದಕ್ಕೆ ಒಡೆಯನೇ ಹೊಣೆ ಎನ್ನುವ ಇಂಗ್ಲಿಷ್ ಕಾನೂನು, ರಸ್ತೆಯ ಪಕ್ಕ ಇರುವವರು ರಸ್ತೆಯ ಸಾಮಾನ್ಯ ಅಪಾಯವನ್ನು ಒಪ್ಪಿಕೊಂಡೇ ಇರುತ್ತಾರೆಂದು ತೀರ್ಮಾನಿಸಿತು. ಯಾಜ್ಞವಲ್ಕ್ಯ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ.

ಇನ್ನು ಗಡಿಯ ಮಾತು. ಶಾಸನಗಳಲ್ಲಿ ದತ್ತಿಭೂಮಿಯ ನಾಲ್ಕು ಎಲ್ಲೆಗಳನ್ನು ಹೇಳುವಾಗ ಹುತ್ತ, ಹುಣಸೆಮರ, ಕೆರೆಯ ಕೋಡಿ, ಹೆಬ್ಬಟ್ಟೆ ಇವು ಬರುತ್ತವೆ. ಹೆಬ್ಬಟ್ಟೆ ಎಂದರೆ ದೊಡ್ಡ ದಾರಿ. ಶಿವಾಲಯದ ಭೂಮಿಯಾದರೆ ಲಿಂಗಮುದ್ರೆಯ ಕಲ್ಲು, ವಿಷ್ಣು ದೇವಾಲಯಕ್ಕೋ ಬ್ರಾಹ್ಮಣರಿಗೋ ಬಿಟ್ಟದ್ದಾದರೆ ವಾಮನಮುದ್ರೆಯ ಕಲ್ಲು ನೆಡುತ್ತಿದ್ದರು. ಆದರೆ ದತ್ತಿ ಸಿಕ್ಕ ಭೂಮಿಗಷ್ಟೇ ಈ ಕಲ್ಲಿನ ಭಾಗ್ಯ. ಮಿಕ್ಕ ಹೊಲಗಳನ್ನು ಜನ ಅಳೆಯುತ್ತಿದ್ದುದು ಬಿತ್ತುವ ಬೀಜದ ಲೆಕ್ಕದಲ್ಲಿ, ಖಂಡುಗ, ಕೊಳಗ ಎಂದು. ಅಂಥ ಹೊಲದ ಅಂಚು ಎಲ್ಲಿ ಮುಗಿಯಿತು, ದಾರಿ ಎಲ್ಲಿ ಶುರುವಾಯಿತು ಎಂಬುದು ಕಾಗದದಲ್ಲಿ ಇರಲಿಲ್ಲ. ಅದು ಒಬ್ಬ ಮನುಷ್ಯನ ನೆನಪಿನಲ್ಲಿ ಇತ್ತು.

ಆ ಮನುಷ್ಯ ಕುಳವಾಡಿ. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಎಫ್. ಮೆಕೆಂಜಿ 1873ರ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಊರಿನ ಗಡಿಯ ಬಗ್ಗೆ ತಕರಾರು ಎದ್ದರೆ ತೀರ್ಪು ಹೇಳುವವನು ಗೌಡನಲ್ಲ, ಅಂದು ಅಸ್ಪೃಶ್ಯರೆನಿಸಿದ್ದ ಹೊಲೆಯ ಸಮುದಾಯದ ಕುಳವಾಡಿ. ಊರಿನ ಮಣ್ಣಿನಿಂದ ಮಾಡಿದ ಉಂಡೆಯನ್ನು ತಲೆಯ ಮೇಲೆ ಹೊತ್ತು ಅವನು ಗಡಿಯುದ್ದಕ್ಕೂ ನಡೆಯಬೇಕು. ಅವನು ನಡೆದದ್ದೇ ಗೆರೆ. ಗೆರೆ ತಪ್ಪಿ, ಗೊತ್ತಿಲ್ಲದೆ ಆದರೂ ಸರಿ, ಆಚೆ ಕಾಲಿಟ್ಟರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದಲ್ಲಿ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬುದು ಜನರ ನಂಬಿಕೆ.

ಇದನ್ನು ಹಳ್ಳಿಯ ಸೊಗಸೆಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಊರೊಳಗೆ ಮನೆ ಕಟ್ಟುವ ಹಕ್ಕಿಲ್ಲದವನಿಗೆ ಊರ ಗಡಿಯ ಹೊಣೆ ಹೊರಿಸಿ, ತಪ್ಪಿದರೆ ಸಾವು ಎಂಬ ಭಯವನ್ನೂ ಅವನ ತಲೆಯ ಮೇಲೇ ಇಟ್ಟಿದ್ದರು. ಆದರೆ ಅದರಲ್ಲಿ ಒಂದು ತಿಳಿವಳಿಕೆ ಇತ್ತು. ಹೊಲವಿದ್ದವರೆಲ್ಲರಿಗೂ ಗೆರೆ ತಮ್ಮ ಕಡೆಗೆ ಬಾಗಲಿ ಎಂಬ ಆಸೆ ಇರುತ್ತದೆ, ಹೊಲವಿಲ್ಲದವನಿಗೆ ಆ ಆಸೆ ಇರುವುದಿಲ್ಲ. ಊರಿನ ಆಯಗಾರರಲ್ಲಿ ತೋಟಿ, ತಳವಾರರೂ ಪೈರು ಕಾಯುವ, ಎಲ್ಲೆ ನೋಡಿಕೊಳ್ಳುವ ಇಂಥ ಕೆಲಸಕ್ಕೇ ಇದ್ದವರು. ಸುಗ್ಗಿಯಲ್ಲಿ ಕಣದ ಮೇಲೆ ಅವರಿಗೆ ಆಯ ಅಳೆಯುತ್ತಿದ್ದರು. ಹೆಸರಿಲ್ಲದ ಆ ನಾಲ್ಕನೆಯ ದಿಕ್ಕಿಗೆ ಆಗ ಸಂಬಳ ಪಡೆಯುವ ಒಬ್ಬ ಕಾವಲುಗಾರ ಇದ್ದ.

1863ರಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಆರಂಭವಾಯಿತು. ಪದ್ಧತಿ ಬೊಂಬಾಯಿಯದು. ಕೈಯಲ್ಲಿ 33 ಅಡಿ ಸರಪಳಿ, ಅದರಲ್ಲಿ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಇಂದು ಜೆ.ಪಿ. ನಗರದಲ್ಲಿ ಮೂವತ್ತು ನಲವತ್ತರ ಸೈಟು ಇರುವವರ ಬಳಿ ಇರುವುದು ಆ ಸರಪಳಿಯ ಒಂದು ಗುಂಟೆಗಿಂತ ಕೇವಲ 111 ಚದರಡಿ ಹೆಚ್ಚು. ಸರ್ವೆಯವರು ಪ್ರತಿ ಹೊಲಕ್ಕೆ ನಂಬರು ಕೊಟ್ಟರು, ಮೂಲೆಗಳಲ್ಲಿ ಕಲ್ಲು ನೆಟ್ಟರು, ಟಿಪ್ಪಣಿ ಬರೆದರು, ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಕಾಲುದಾರಿಗಳನ್ನು ಚುಕ್ಕೆಗೆರೆಯಾಗಿ ಗುರುತಿಸಿದರು. ಕುಳವಾಡಿಯ ತಲೆಯ ಮೇಲಿದ್ದದ್ದು ಕಾಗದಕ್ಕೆ ಇಳಿಯಿತು.

ಇಲ್ಲಿಂದ ಮುಂದೆ ಹೊಣೆಯ ಸ್ವರೂಪ ಬದಲಾಗುತ್ತದೆ. 1888ರ ಮೈಸೂರು ಭೂಕಂದಾಯ ಸಂಹಿತೆಗೆ ಮಾದರಿಯಾದದ್ದು 1879ರ ಬೊಂಬಾಯಿ ಸಂಹಿತೆ. ಈಗ ನಮ್ಮಲ್ಲಿ ಜಾರಿಯಲ್ಲಿರುವ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯೂ ಅದೇ ವಂಶದ್ದು. ಈ ಕಾನೂನು ರೈತನಿಗೆ ಬೇಲಿ ಹಾಕು ಎಂದು ಹೇಳುವುದಿಲ್ಲ, ಗಡಿಕಲ್ಲನ್ನು ಕಾಪಾಡು ಎನ್ನುತ್ತದೆ. ಕಲ್ಲು ಬಿದ್ದರೆ, ಸರಿದರೆ, ಅದನ್ನು ಮತ್ತೆ ನೆಡುವ ಖರ್ಚು ಹಿಡುವಳಿದಾರನದು. ಇನ್ನು ರಸ್ತೆಯ ವಿಷಯಕ್ಕೆ 67ನೆಯ ಕಲಮು. ಸಾರ್ವಜನಿಕ ರಸ್ತೆ, ಬೀದಿ, ಓಣಿ, ಕಾಲುದಾರಿ ಸರ್ಕಾರದ ಸ್ವತ್ತು ಎಂದು ಹೇಳಿ ಅದು ನಿಲ್ಲುವುದಿಲ್ಲ. ಅವುಗಳ ಮೇಲೆ ಅಥವಾ ಪಕ್ಕದಲ್ಲಿರುವ ಸೇತುವೆ, ಕಂದಕ, ಏರಿಗಳ ಜೊತೆಗೆ ಬೇಲಿಗಳನ್ನೂ ಸರ್ಕಾರದ ಸ್ವತ್ತಿನ ಪಟ್ಟಿಯಲ್ಲಿ ಸೇರಿಸುತ್ತದೆ. ರೈತ ತನ್ನ ಎಲ್ಲೆಯೊಳಗೆ ಹಾಕಿಕೊಂಡ ಬೇಲಿ ಅವನದೇ. ಆದರೆ ರಸ್ತೆಗೆ ಸೇರಿದ ಬೇಲಿಯನ್ನು ಕಾನೂನು ರಸ್ತೆಯ ಒಂದು ಅಂಗವೆಂದು ನೋಡಿತು. ಅಂಥ ಬೇಲಿ ಊರಿನದೂ ಅಲ್ಲ, ಹೊಲದವನದೂ ಅಲ್ಲ, ಸರ್ಕಾರದ್ದು.

ದನದ ವಿಷಯದಲ್ಲೂ ತಿರುವು ಬಂತು. ಬ್ರಿಟಿಷ್ ಇಂಡಿಯಾದ 1871ರ ದನಗಳ ಅತಿಕ್ರಮ ಪ್ರವೇಶದ ಕಾಯ್ದೆ ಹೊಲಕ್ಕೆ ಬೇಲಿ ಇತ್ತೇ ಎಂದು ಕೇಳುವುದೇ ಇಲ್ಲ. ದನ ನುಗ್ಗಿ ಹಾಳು ಮಾಡಿದರೆ ಸಾಗುವಳಿದಾರ ಅದನ್ನು ಹಿಡಿದು 24 ಗಂಟೆಯೊಳಗೆ ಸರ್ಕಾರಿ ದೊಡ್ಡಿಗೆ ಕಳಿಸಬಹುದು. ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ರಸ್ತೆಯ ಮೇಲೆ ಕಾವಲಿಲ್ಲದೆ ಅಲೆಯುವ ದನವನ್ನೂ ಹಿಡಿಯಬಹುದು. ನಮ್ಮ ರಾಜ್ಯದ 1966ರ ಕಾಯ್ದೆಯೂ ಈ ದಾರಿಯನ್ನೇ ಹಿಡಿಯಿತು. ದಾರಿ ಬದಿಯ ಹೊಲದವನ ಮೇಲಿದ್ದ ಭಾರ ಹೀಗೆ ದನದ ಒಡೆಯನ ಮೇಲೆ ಬಿತ್ತು. ಅದೇ ಕಾಲದಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಇದಕ್ಕೆ ತದ್ವಿರುದ್ಧ ಪದ್ಧತಿ ಇತ್ತು. ಅಲ್ಲಿ ಅನೇಕ ಕಡೆ ದನ ಸ್ವತಂತ್ರ, ಬೆಳೆ ಬೇಕಾದವನು ಬೇಲಿ ಹಾಕಿಕೊಳ್ಳಬೇಕು. 1874ರಲ್ಲಿ ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಆ ಬಯಲೆಲ್ಲ ತುಂಡಾಯಿತು. ನಮ್ಮಲ್ಲಿ ಬೇಲಿಯ ಬದಲು ದೊಡ್ಡಿ ಆ ಕೆಲಸ ಮಾಡಿತು.

ರಸ್ತೆ ಬದಿಯಲ್ಲಿ ತಡೆಗೋಡೆಯನ್ನು ಕಾನೂನು ಕಡ್ಡಾಯ ಮಾಡಬಲ್ಲ ಸಂದರ್ಭವೂ ಒಂದಿದೆ. ದಾರಿಗೆ ತಾಗಿದ ಬಾವಿ, ಹೊಂಡ, ಕೆರೆಯಿಂದ ಜನರಿಗೆ ಅಪಾಯವಿದ್ದರೆ ಅದರ ಒಡೆಯ ಬೇಲಿ ಹಾಕಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು ಇದನ್ನು ಹೇಳುತ್ತಿತ್ತು. ದಾರಿಗೆ ಅಡ್ಡ ಹಾಕಿದ್ದನ್ನು ತೆಗೆಸುವ ಅಧಿಕಾರವೂ ಅದೇ ಕಲಮಿನಲ್ಲಿತ್ತು. ಎರಡು ಕಡೆಯೂ ಕಾನೂನು ನೋಡುತ್ತಿದ್ದುದು ಹೊಲದವನ ಬೆಳೆಯನ್ನಲ್ಲ, ದಾರಿಯಲ್ಲಿ ನಡೆಯುವವರನ್ನು.

ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇದೆ. ತೊಂದರೆ ಬಂದದ್ದು ಬೇಲಿ ಜೀವಂತ ವಸ್ತು ಆದ್ದರಿಂದ. ನಮ್ಮ ಕಡೆಯ ಬೇಲಿ ಎಂದರೆ ಕಳ್ಳಿ, ಕತ್ತಾಳೆ, ಲಂಟಾನ. ಕತ್ತಾಳೆ ಮತ್ತು ಲಂಟಾನ ಅಮೆರಿಕ ಖಂಡದಿಂದ ಬಂದು ನಮ್ಮ ಬದುಗಳಲ್ಲಿ ನೆಲೆಸಿದವು. ಕತ್ತಾಳೆ ಬುಡದಲ್ಲಿ ಮರಿ ಒಡೆಯುತ್ತದೆ, ಲಂಟಾನ ಹಬ್ಬುತ್ತದೆ. ಎರಡು ಹೊಲಗಳ ನಡುವಿನ ಬೇಲಿಯನ್ನು ಎರಡು ಕಡೆಯ ನೇಗಿಲೂ ಪ್ರತಿ ವರ್ಷ ಕತ್ತರಿಸುತ್ತವೆ, ಅದು ಇದ್ದಲ್ಲೇ ಇರುತ್ತದೆ. ದಾರಿ ಬದಿಯ ಬೇಲಿಗೆ ಒಂದೇ ಕಡೆ ನೇಗಿಲು. ಇನ್ನೊಂದು ಕಡೆ ಉಳುವವರಿಲ್ಲ. ಆದ್ದರಿಂದ ಅದು ದಾರಿಯ ಕಡೆಗೇ ಬೆಳೆಯುತ್ತದೆ. ಹತ್ತು ಹದಿನೈದು ವರ್ಷ ಬಿಟ್ಟು ಹೊಲದವನು ಒಳಗಿನ ಹಳೆಯ ಬುಡಗಳನ್ನು ಕಿತ್ತು ಉತ್ತರೆ ಯಾರೂ ಕದಿಯದೆಯೇ ದಾರಿ ಎರಡು ಮೊಳ ಸಣ್ಣದಾಗಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮ್ಮಲ್ಲಿದೆ. ಬಸವಣ್ಣನವರ ವಚನವೊಂದರಲ್ಲಿಯೂ ಆ ಚಿತ್ರ ಬರುತ್ತದೆ. ಬೇಲಿ ದಾರಿಯನ್ನು ಮೇಯುವುದಕ್ಕೆ ಮಾತ್ರ ಗಾದೆ ಹುಟ್ಟಿದಂತಿಲ್ಲ.

ಇದರ ಜೊತೆ ಖರಾಬಿನ ಗೊಂದಲ. ಸರ್ವೆ ನಂಬರಿನ ಒಳಗೇ ಸಾಗುವಳಿಗೆ ಬಾರದ ಜಾಗಕ್ಕೆ ಖರಾಬು ಎಂದು ಹೆಸರು. ಬಂಡೆ ಮುಂತಾದ ಸಾಗುವಳಿಯಾಗದ ನೆಲ 'ಅ' ಖರಾಬು. ಊರವರು ಬಳಸುವ ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಜಾಗ 'ಬ' ಖರಾಬು. ಎರಡಕ್ಕೂ ಕಂದಾಯವಿಲ್ಲ. ಆದರೆ 'ಬ' ಖರಾಬು ರೈತನ ನಂಬರಿನ ನಡುವೆ ಹಾದುಹೋದರೂ ಅವನದಲ್ಲ, ನಡೆಯುವವರದು. ಹೊಲಕ್ಕೆ ಸುತ್ತ ತಂತಿ ಬಿಗಿದಾಗ ಈ ದಾರಿಯೂ ಒಳಗೆ ಸೇರಿಬಿಡುತ್ತದೆ. ಎರಡು ತಲೆಮಾರು ಕಳೆದರೆ ಅಲ್ಲಿ ದಾರಿ ಇತ್ತು ಎಂದು ಹೇಳುವುದು ನಕಾಶೆಯ ಚುಕ್ಕೆಗೆರೆ ಒಂದೇ.

ಆ ಚುಕ್ಕೆಗೆರೆಯನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರ ಕೆಲಸವೂ ಹೋಯಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗರಿಂದ ಹಿಡಿದು ತೋಟಿ, ತಳವಾರರವರೆಗೆ ವಂಶಪಾರಂಪರ್ಯದ ಹುದ್ದೆಗಳೆಲ್ಲ ಮುಗಿದವು. ಮುಗಿಯಲೇಬೇಕಾಗಿತ್ತು. ಹುಟ್ಟಿನಿಂದ ಕೆಲಸ ಕಟ್ಟಿಕೊಡುವ ವ್ಯವಸ್ಥೆ ಉಳಿಯಬಾರದು. ಆದರೆ ಅವರು ಮಾಡುತ್ತಿದ್ದ ಒಂದು ಕೆಲಸ, ದಿನವೂ ನಡೆದು ಗಡಿ ನೋಡುವುದು, ಬೇರೆ ಯಾರಿಗೂ ಪೂರ್ತಿಯಾಗಿ ಬರಲಿಲ್ಲ. ಒಡೆಯ ಸರ್ಕಾರ ಆಯಿತು, ಕಾವಲುಗಾರ ಇಲ್ಲದಾದ.

ದಕ್ಷಿಣ ಬೆಂಗಳೂರಿನ ಹೊಲಗಳು ಬಡಾವಣೆಗಳಾದದ್ದು ಹೆಚ್ಚಾಗಿ ಈ ಬದಲಾವಣೆಯ ಆಸುಪಾಸಿನಲ್ಲಿ ಮತ್ತು ಅದರ ನಂತರ. ಮೊದಲು 1945ರಲ್ಲಿ ಬಂದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, 1976ರಿಂದ ಬಿಡಿಎ. ಜಯನಗರದಂಥ ಯೋಜಿತ ಬಡಾವಣೆಯಲ್ಲಿ ಹಳೆಯ ಬೇಲಿ, ಬದು, ಬಂಡಿದಾರಿಯನ್ನೆಲ್ಲ ಅಳಿಸಿ ಹೊಸದಾಗಿ ರಸ್ತೆ ಎಳೆದರು. ಬೈರಸಂದ್ರ, ಯಡಿಯೂರು, ಸಾರಕ್ಕಿಗಳ ಹಳೆಯ ಊರಿನೊಳಗೆ ಮಾತ್ರ ಬೀದಿ ಈಗಲೂ ಬಳಸಿಕೊಂಡು ಹೋಗುತ್ತದೆ. ಯೋಜನೆ ತಲುಪುವ ಮೊದಲೇ ಒಂದೊಂದು ಸರ್ವೆ ನಂಬರನ್ನು ಬೇರೆ ಬೇರೆಯಾಗಿ ಸೈಟು ಮಾಡಿ ಮಾರಿದ ಕಡೆ ಕಥೆ ಬೇರೆ. ಅಲ್ಲಿ ಇಪ್ಪತ್ತಡಿ ರಸ್ತೆ ಹೋಗಿ ಹೋಗಿ ಗೋಡೆಗೆ ಮುಟ್ಟಿ ನಿಲ್ಲುತ್ತದೆ. ಆ ಗೋಡೆ ನಿಂತಿರುವುದು ಅನೇಕ ಸಲ ಹಳೆಯ ಹೊಲದ ಬದುವಿನ ಮೇಲೆ.

ಕಾವಲಿಲ್ಲದ ಗಡಿಗೆ ಏನಾಗುತ್ತದೆ ಎಂಬುದಕ್ಕೆ ಜೆ.ಪಿ. ನಗರದ ಸಾರಕ್ಕಿ ಕೆರೆ ಉದಾಹರಣೆ. ಕೆರೆಯ ಅಂಚೂ ರಸ್ತೆಯ ಅಂಚಿನಂತೆಯೇ, ಆಚೆ ಬದಿಗೆ ಹೆಸರಿರುವ ನೆರೆಯವರಿಲ್ಲ. ಅಲ್ಲಿ ವರ್ಷಗಳ ಕಾಲ ಒತ್ತುವರಿ ನಡೆದು ಮನೆಗಳೂ ಎದ್ದವು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಅವನ್ನು ಕೆಡವಿತು. ಬೀದಿಗೆ ಬಂದವರಲ್ಲಿ ಹಣ ಕೊಟ್ಟು ಸೈಟು ಕೊಂಡವರಿದ್ದರು, ತೆರಿಗೆ ಕಟ್ಟಿದವರಿದ್ದರು. ಮೊದಲ ಬೇಲಿಯನ್ನು ಸರಿಸಿದವರು ಅವರಲ್ಲ. ಬೇಲಿ ಸರಿದ ದಿನ ಕೇಳಬೇಕಾಗಿದ್ದ ಮಾತನ್ನು ಯಾರೂ ಕೇಳದೆ ಇದ್ದಾಗ, ಅದರ ದಂಡವನ್ನು ಕೊನೆಗೆ ಕೊಟ್ಟವರು ಕಥೆಯ ಆರಂಭದಲ್ಲಿ ಇಲ್ಲದೇ ಇದ್ದವರು.

ಇಂದು ಈ ಭಾಗದಲ್ಲಿ ಬೆಳೆ ಕಾಯುವ ಬೇಲಿ ಇಲ್ಲ, ಆದರೆ ರಸ್ತೆ ಬದಿಯ ಬೇಲಿ ಇದೆ. ಕಾಂಪೌಂಡಿನ ಹೊರಗೆ, ಫುಟ್‌ಪಾತಿನ ಮೇಲೆ, ನಾಲ್ಕು ಕ್ರೋಟನ್ ಗಿಡ, ಒಂದು ದಾಸವಾಳ, ಸುತ್ತ ಕಬ್ಬಿಣದ ಗ್ರಿಲ್. ನೋಡಲು ಚೆನ್ನಾಗಿಯೇ ಇರುತ್ತದೆ, ನೀರು ಹಾಕುವವರಿಗೆ ಅದರಲ್ಲಿ ಪ್ರೀತಿಯೂ ಇರುತ್ತದೆ. ಆದರೆ ಕೋಲು ಹಿಡಿದು ನಡೆಯುವ ಹಿರಿಯರು ಅಲ್ಲಿಗೆ ಬಂದಾಗ ವಾಹನಗಳ ನಡುವೆ ರಸ್ತೆಗೆ ಇಳಿಯಬೇಕಾಗುತ್ತದೆ. ಕತ್ತಾಳೆ ಮಾಡುತ್ತಿದ್ದದ್ದನ್ನು ಈಗ ಗ್ರಿಲ್ ಮಾಡುತ್ತಿದೆ. ಪಕ್ಕದ ಮನೆಯ ಕಡೆಗೆ ಅದೇ ಗ್ರಿಲ್ ಅರ್ಧ ಅಡಿ ಸರಿದರೂ ನೋಟಿಸು ಬರುತ್ತದೆ.

ಕುಳವಾಡಿಯ ಮಣ್ಣಿನ ಉಂಡೆ ಮತ್ತೆ ಬರುವುದು ಬೇಡ. ಅವನಿಗೆ ಗೊತ್ತಿದ್ದ ಗೆರೆ ಈಗ ಯಾರು ಬೇಕಾದರೂ ನೋಡಬಹುದಾದ ಕಾಗದದಲ್ಲಿದೆ. ಗ್ರಾಮ ನಕಾಶೆಗಳು ಭೂಮಾಪನ ಇಲಾಖೆಯಲ್ಲಿ ಸಿಗುತ್ತವೆ. 'ದಿಶಾಂಕ್' ಎಂಬ ಸರ್ಕಾರಿ ಆ್ಯಪ್ ನಾವು ನಿಂತ ಜಾಗದ ಗ್ರಾಮ ಯಾವುದು, ಸರ್ವೆ ನಂಬರು ಎಷ್ಟು ಎಂದು ಫೋನಿನಲ್ಲೇ ತೋರಿಸುತ್ತದೆ. ಹೊಲದ ಪಕ್ಕದ ಬೇಲಿಗೆ ಇಬ್ಬರು ನೆರೆಯವರು ಹೊಣೆ, ರಸ್ತೆ ಬದಿಯ ಬೇಲಿಗೆ ಒಬ್ಬ ನೆರೆಯವನು ಮತ್ತು ಆ ದಾರಿಯಲ್ಲಿ ನಡೆಯುವ ಎಲ್ಲರೂ ಹೊಣೆ. ಕಾನೂನು ಆ ಎಲ್ಲರಿಗೂ ಸರ್ಕಾರ ಎಂದು ಒಂದೇ ಹೆಸರು ಕೊಟ್ಟಿತು. ಆ ಹೆಸರಿನ ಹಿಂದೆ ದಿನವೂ ನಡೆಯುವ ಮನುಷ್ಯರು ಇಲ್ಲದಿದ್ದರೆ ಬೇಲಿ ತನ್ನ ಪಾಡಿಗೆ ಸರಿಯುತ್ತಲೇ ಇರುತ್ತದೆ.